ಜೂನ್ 1ರಂದು ಹುಟ್ಟಿದವರ ನಿವೃತ್ತಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಭಾಷಣಕಾರರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್‌ನವರು, ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದರು. ನಾನು ಬೇಡಿಕೊಂಡೆ: "ಅದನ್ನು ಬೇರೆ ಯಾರಾದರೂ ಹೇಳುತ್ತಾರೆ ಸಾರ್. ನಾನು ನಿವೃತ್ತಿಯ ಬಗ್ಗೆ ಮಾತಾಡಲೇ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕೆಲಸಕ್ಕೆ ಏನಾದರೂ ತೊಂದರೆ ಆಯಿತೇ?" ಎಂದು ಕೇಳಿದರು. ಇಲ್ಲ, ಕೆಲಸ ಇದೆ. ಇನ್ನೂ ಮೂವತ್ತಾರು ವರ್ಷ. ಆದರೂ ಈ ವಿಷಯ ಏಕೆಂದರೆ, ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಗುರುಗಳೆಲ್ಲ ನಿವೃತ್ತರಾಗಿದ್ದಾರೆ. ಅವರ ಹಿಂದಿನ ಸಾಲಿನಲ್ಲಿ ನನ್ನ ಅಪ್ಪಾಜಿ ಕೂತಿದ್ದಾರೆ. ಅವರನ್ನು ಇಷ್ಟು ವರ್ಷ ನೋಡಿ ನಾನು ಕಲಿತದ್ದನ್ನು ಅವರ ಎದುರಿಗೇ ಒಪ್ಪಿಸಬೇಕು ಎನ್ನಿಸಿತು. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಮೊದಲು ಒಂದು ಪ್ರಶ್ನೆ. ಇಲ್ಲಿರುವ ಹಿರಿಯರಲ್ಲಿ ಎಷ್ಟು ಜನರ ಹುಟ್ಟಿದ ದಿನಾಂಕ ಜೂನ್ 1? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿವೆ! ಇದು ದೇವರ ಮಹಿಮೆಯಲ್ಲ, ಹೆಡ್‌ಮಾಸ್ಟರ ಮಹಿಮೆ. ಮಗುವನ್ನು ಶಾಲೆಗೆ ಕರೆತಂದಾಗ "ಯಾವಾಗ ಹುಟ್ಟಿದ್ದು?" ಎಂದರೆ, "ಜಾತ್ರೆ ಆದ ಮೇಲೆ", "ದೊಡ್ಡ ಮಳೆ ಬಂದ ವರ್ಷ" ಎನ್ನುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕಲ್ಲ, ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಹೀಗೆಯೇ ಆಯಿತು.

ಆ ಒಂದು ಗೆರೆಯ ಬರಹ ಅರವತ್ತು ತುಂಬುವವರೆಗೆ ಕಾದು ಕೂತಿರುತ್ತದೆ. ಸರ್ಕಾರಿ ನೌಕರರು ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕು. ಆದರೆ ತಿಂಗಳ ಮೊದಲ ತಾರೀಖಿನಲ್ಲಿ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಬೀಳುತ್ತಾರೆ. ಹಾಗಾಗಿ ಮೇ 31 ಬಂದರೆ ನಮ್ಮ ರಾಜ್ಯದ ಕಚೇರಿಗಳಲ್ಲಿ ಸಾಲು ಸಾಲು ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ. ನಮ್ಮ ಅಜ್ಜಿಯ ಲೆಕ್ಕದಲ್ಲಿ ಅಪ್ಪಾಜಿ ಹುಟ್ಟಿದ್ದು ದೀಪಾವಳಿ ಆದ ಎಂಟು ದಿನಕ್ಕೆ. ಶಾಲೆಯ ರಿಜಿಸ್ಟರಿನ ಲೆಕ್ಕದಲ್ಲಿ ಅದೇ ವರ್ಷದ ಜೂನ್ 1. ಅಂದರೆ ಅಪ್ಪಾಜಿ ಕೆಲವು ತಿಂಗಳು ಮುಂಚಿತವಾಗಿಯೇ ನಿವೃತ್ತರಾದರು, 2018ರ ಮೇ 31ರಂದು.

ಅಪ್ಪಾಜಿ ಭದ್ರಾ ನಾಲೆಯ ಸೌಡಿಯಾಗಿದ್ದರು. ಇಲ್ಲಿರುವ ಗದ್ದೆ, ತೋಟದವರಿಗೆ ಸೌಡಿ ಎಂದರೆ ಯಾರು ಎಂದು ಹೇಳಬೇಕಾಗಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ. ಲಕ್ಕವಳ್ಳಿ ಹತ್ತಿರದ ಅಣೆಕಟ್ಟಿನಿಂದ ಬಿಟ್ಟ ನೀರು ದೊಡ್ಡ ನಾಲೆಯಲ್ಲಿ, ಉಪನಾಲೆಯಲ್ಲಿ ಹರಿದು ತೂಬಿನ ಮೂಲಕ ಗದ್ದೆಗೆ ಬರುತ್ತದೆ. ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವವನು ಸೌಡಿ. ಎತ್ತಿದರೆ ಕೊನೆಭಾಗದವರು ಬೈಯುತ್ತಾರೆ, ಇಳಿಸಿದರೆ ಮೇಲ್ಭಾಗದವರು ಬೈಯುತ್ತಾರೆ. ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ಅಪ್ಪಾಜಿ ರಾತ್ರಿ ಮನೆಯಲ್ಲಿ ಮಲಗಿದ್ದು ನನಗೆ ನೆನಪಿಲ್ಲ. ಸೈಕಲ್ಲು, ಮೂರು ಸೆಲ್ಲಿನ ಟಾರ್ಚು, ಹೆಗಲ ಮೇಲೆ ಕಂಬಳಿ. ಒಮ್ಮೆ ನೀರಿನ ಜಗಳದಲ್ಲಿ ಒಬ್ಬರು ಅವರ ಅಂಗಿಯನ್ನೇ ಹರಿದಿದ್ದರು. ನಾನಾಗ ಏಳನೇ ಕ್ಲಾಸು. ಆ ಅಂಗಿಗೆ ಅವ್ವ ಹೊಲಿಗೆ ಹಾಕುತ್ತಾ ಕೂತಿದ್ದು ಕಣ್ಣಿಗೆ ಕಟ್ಟಿದಂತಿದೆ.

ಅಂಥ ಕೆಲಸದಿಂದ ಬಿಡುಗಡೆಯಾದರೆ ಖುಷಿಯಾಗಬೇಕು ತಾನೇ? ಬೀಳ್ಕೊಡುಗೆಯ ಮಾರನೆಯ ಬೆಳಗ್ಗೆ ನಾಲ್ಕು ಗಂಟೆಗೆ ಅಪ್ಪಾಜಿ ಎದ್ದು, ಟಾರ್ಚು ಹಿಡಿದು, ಸೈಕಲ್ ಹತ್ತಿ ನಾಲೆಯ ಮೇಲೆ ಹೋದರಂತೆ. ಜೂನ್ ಮೊದಲ ದಿನ, ಬೇಸಿಗೆ ನೀರು ನಿಂತು ನಾಲೆ ಒಣಗಿತ್ತು. ನೋಡಿಕೊಳ್ಳಬೇಕಾದ ನೀರೂ ಅಲ್ಲಿರಲಿಲ್ಲ. ತೂಬಿನ ಕಟ್ಟೆಯ ಮೇಲೆ ಬೆಳಕು ಹರಿಯುವವರೆಗೆ ಕೂತು ವಾಪಸು ಬಂದರಂತೆ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಅವ್ವ ಎಷ್ಟೋ ತಿಂಗಳ ಮೇಲೆ ನನಗೆ ಹೇಳಿದಳು.

ಆಗ ನಾನು ಒಳ್ಳೆಯ ಮಗ ಮಾಡಬೇಕಾದದ್ದನ್ನು ಮಾಡುತ್ತಿದ್ದೇನೆ ಎಂದುಕೊಂಡು ಒಂದು ತಪ್ಪು ಮಾಡಿದೆ. "ಇಷ್ಟು ದಿನ ದುಡಿದದ್ದು ಸಾಕು, ಇನ್ನು ಆರಾಮಾಗಿ ಇರಿ" ಎಂದು ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದೆ. ಒಂಬತ್ತನೇ ಮಹಡಿಯ ಮನೆ. ದೊಡ್ಡ ಟಿ.ವಿ. ತಂದೆ, ಹೊಸ ಫೋನ್ ಕೊಡಿಸಿದೆ, ವಾಕಿಂಗಿಗೆ ಬಿಳಿ ಬೂಟು ತಂದೆ. ನನ್ನ ಲೆಕ್ಕದಲ್ಲಿ ನಿವೃತ್ತಿಗೆ ಬೇಕಾದ ಸಾಮಾನೆಲ್ಲ ಬಂದಾಗಿತ್ತು. ನಾನೂ ನನ್ನ ಹೆಂಡತಿಯೂ ಬೆಳಗ್ಗೆ ಹೊರಟರೆ ರಾತ್ರಿಯೇ ಮನೆ ಸೇರುವುದು. ಅಪ್ಪಾಜಿ ಬಾಲ್ಕನಿಯಲ್ಲಿ ಕೂತು ಕೆಳಗೆ ಬರುವ ನೀರಿನ ಟ್ಯಾಂಕರ್ ಎಣಿಸುತ್ತಿದ್ದರು. ರಾತ್ರಿ ನನಗೆ ಲೆಕ್ಕ ಒಪ್ಪಿಸುತ್ತಿದ್ದರು: "ಇವತ್ತು ಹನ್ನೊಂದು ಬಂದವು. ಒಂದು ಅರ್ಧ ನೀರು ಚೆಲ್ಲಿಕೊಂಡೇ ಬಂತು." ಗೇಟಿನ ಕಾವಲುಗಾರ ಒಡಿಶಾದ ಹುಡುಗ. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರದು ಬಾರದು. ಆ ದೊಡ್ಡ ಕಟ್ಟಡದಲ್ಲಿ ಇವರಿಗಿದ್ದ ಗೆಳೆಯ ಅವನೊಬ್ಬನೇ.

ಮೂರು ತಿಂಗಳಾಗಿತ್ತು. ಒಂದು ರಾತ್ರಿ ಊಟ ಮಾಡುವಾಗ ಅಪ್ಪಾಜಿ, "ನಂಗೆ ಇಲ್ಲಿ ಬೈಯೋರೂ ಒಬ್ರಿಲ್ಲ ನೋಡಪ್ಪ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯನನ್ನು ಬೈಯಬೇಕಾದರೆ ಅವನು ಯಾರು ಎಂದು ಗೊತ್ತಿರಬೇಕು, ಅವನಿಂದ ಏನೋ ಆಗಬೇಕಾಗಿರಬೇಕು. ಬೆಂಗಳೂರಿನಲ್ಲಿ ಅಪ್ಪಾಜಿಯನ್ನು ಎಲ್ಲರೂ ಗೌರವದಿಂದ "ಅಂಕಲ್" ಎನ್ನುತ್ತಿದ್ದರು. ಅವರು ಯಾರು ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಮುಂದಿನ ಶನಿವಾರವೇ ಇಬ್ಬರನ್ನೂ ಊರಿಗೆ ತಂದು ಬಿಟ್ಟೆ.

ಊರಿಗೆ ಬಂದ ಮೇಲಿನ ಅವರ ದಿನಚರಿಯನ್ನು ನಿಮಗೆ ಹೇಳುತ್ತೇನೆ. ಅದರಲ್ಲಿ ದೊಡ್ಡದೇನೂ ಇಲ್ಲ.

ಬೆಳಗ್ಗೆ ಹಾಲಿನ ಡೇರಿಗೆ ಕ್ಯಾನು ಹಿಡಿದು ಹೋಗುವುದು. ಅಲ್ಲಿಂದ ಚಹಾ ಅಂಗಡಿ. ಅಲ್ಲಿ ಒಂದು ಕಲ್ಲಿನ ಬೆಂಚು, ಐದು ಜನ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ನಿವೃತ್ತ ಬಸ್ ಡ್ರೈವರ್, ಒಬ್ಬರು ಇನ್ನೂ ಕತ್ತರಿ ಬಿಡದ ಕ್ಷೌರದವರು, ಒಬ್ಬರು ಅಡಿಕೆ ತೋಟದ ರೈತರು, ಇನ್ನೊಬ್ಬರು ಅಪ್ಪಾಜಿ. ಐವರಿಗೆ ಒಂದು 'ಜನತಾವಾಣಿ'. ಮೇಷ್ಟ್ರು ಓದುವುದು, ಉಳಿದವರು ಕೇಳುವುದು. ಮುಂಗಾರು ಶುರುವಾದರೆ ಮೊದಲು ಓದುವ ಸುದ್ದಿ ಒಂದೇ: "ಡ್ಯಾಂ ಎಷ್ಟಾತು?" 186 ಅಡಿಯ ಭದ್ರಾ ಡ್ಯಾಂ ತುಂಬಲು ಎಷ್ಟು ಬಾಕಿ ಎನ್ನುವುದರ ಮೇಲೆ ಗಂಟೆಗಟ್ಟಲೆ ಚರ್ಚೆ. ಅದರಲ್ಲಿ ಅಪ್ಪಾಜಿಯ ಮಾತೇ ಕೊನೆಯ ಮಾತು. ಮೂವತ್ತಾರು ವರ್ಷ ಸರ್ಕಾರ ಕೊಡದ ಬಡ್ತಿಯನ್ನು ಆ ಬೆಂಚು ಕೊಟ್ಟಿದೆ. ಇನ್ನೊಂದು ವಿಷಯ. ಆ ಅಡಿಕೆ ತೋಟದ ರೈತರು ಯಾರು ಗೊತ್ತೇ? ಅಂದು ಅಪ್ಪಾಜಿಯ ಅಂಗಿ ಹರಿದವರೇ. ಈಗ ಇಬ್ಬರೂ ಒಂದು ಬೈಟು ಚಹಾ ಹಂಚಿಕೊಳ್ಳುತ್ತಾರೆ. ದುಡ್ಡು ಯಾವಾಗಲೂ ಅವರೇ ಕೊಡುವುದು. ಅಂಗಿಯ ಸಾಲ ಇನ್ನೂ ತೀರಿಲ್ಲವಂತೆ.

ಮಧ್ಯಾಹ್ನ ಊಟ, ಒಂದು ಗಂಟೆ ನಿದ್ದೆ. ನಾಲೆಯ ಕೆಲಸದಲ್ಲಿ ಹಗಲುನಿದ್ದೆ ಎಂದರೆ ಮೆಮೋ ಬರುವ ವಿಷಯ, ಈಗ ಅದು ಹಕ್ಕು. ಸಂಜೆ ಮಂಡಕ್ಕಿ, ಮೆಣಸಿನಕಾಯಿ. ರಾತ್ರಿ ಹಾರ್ಮೋನಿಯಂ. ಅಪ್ಪಾಜಿ ಹತ್ತೊಂಬತ್ತನೇ ವಯಸ್ಸಿನಲ್ಲಿ ನಾಟಕದ ಮೇಷ್ಟ್ರೊಬ್ಬರಿಂದ ಸ್ವಲ್ಪ ಪೆಟ್ಟಿಗೆ ಕಲಿತಿದ್ದರು. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ನಾಟಕದಲ್ಲಿ ಶಕುನಿಯ ಪಾತ್ರವನ್ನೂ ಮಾಡಿದ್ದರಂತೆ. ನೌಕರಿ ಸಿಕ್ಕಿತು, ರಾತ್ರಿಗಳೆಲ್ಲ ನಾಲೆಯ ಪಾಲಾದವು, ಪೆಟ್ಟಿಗೆ ಅಟ್ಟ ಸೇರಿತು. ನಿವೃತ್ತಿಯ ಮೇಲೆ ಅದನ್ನು ಕೆಳಗಿಳಿಸಿ ನೋಡಿದರೆ ತಿದಿಯನ್ನು ಇಲಿ ತಿಂದಿತ್ತು. ದಾವಣಗೆರೆಗೆ ಒಯ್ದು ರಿಪೇರಿ ಮಾಡಿಸಿದರು. ಈಗ ಊರಿನ ಹುಡುಗರು ನಾಟಕ ಕಲಿತರೆ ಪರದೆಯ ಹಿಂದೆ ಕೂತು ಮಾತು ಎತ್ತಿಕೊಡುವವರು ಇವರೇ. ಈಗಿನ ಶಕುನಿಗಳಿಗೆ ದಾಳ ಹಿಡಿಯಲೂ ಬರುವುದಿಲ್ಲ ಎನ್ನುವುದು ಅವರ ದೂರು.

ನನ್ನ ಮಗಳಿಗೆ ಈಗ ಎಂಟು ವರ್ಷ. ಭಾನುವಾರ ವಿಡಿಯೊ ಕಾಲಿನಲ್ಲಿ ತಾತನೂ ಮೊಮ್ಮಗಳೂ ಹುಲಿಕಟ್ಟು ಆಡುತ್ತಾರೆ. ಇಲ್ಲಿ ಜಗಲಿಯ ಮೇಲೆ ಸುಣ್ಣದಲ್ಲಿ ಬರೆದ ಮನೆ, ಅಲ್ಲಿ ಕಾಗದದ ಮೇಲೆ ಪೆನ್ನಿನಲ್ಲಿ ಬರೆದ ಮನೆ. ಇಲ್ಲಿ ಹುಣಸೆ ಬೀಜ ಕುರಿಗಳು, ಅಲ್ಲಿ ಕಡಲೆಕಾಳು ಕುರಿಗಳು. ತಾತ ಇಲ್ಲಿ ಹುಲಿ ನಡೆಸಿದರೆ ಅವಳು ಅಲ್ಲೂ ನಡೆಸುತ್ತಾಳೆ. ನಾನು ಕೊಡಿಸಿದ ಫೋನ್ ಕೊನೆಗೂ ಉಪಯೋಗಕ್ಕೆ ಬಂದದ್ದು ಹೀಗೆ.

ನಮ್ಮ ನಾಡಿನಲ್ಲಿ ನಿವೃತ್ತಿಯ ನಂತರ ದೊಡ್ಡ ಕೆಲಸ ಮಾಡಿದವರಿದ್ದಾರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ದೊಡ್ಡ ಹುದ್ದೆಯಿಂದ 1940ರ ದಶಕದಲ್ಲಿ ತಾವಾಗಿಯೇ ನಿವೃತ್ತರಾದರು. 'ಚಿಕವೀರ ರಾಜೇಂದ್ರ' ಬಂದದ್ದು ಆಮೇಲೆ, 1956ರಲ್ಲಿ. ಜ್ಞಾನಪೀಠ ಬಂದದ್ದು 1983ರಲ್ಲಿ. ಅಷ್ಟೆಲ್ಲ ಬರೆಯುತ್ತಲೇ ಸಂಜೆ ಕ್ಲಬ್ಬಿಗೆ ಹೋಗಿ ಗೆಳೆಯರ ಜೊತೆ ಇಸ್ಪೀಟು ಆಡುವುದನ್ನು ಅವರು ಬಿಟ್ಟಿರಲಿಲ್ಲ. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ಕಾಲೇಜಿನಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಬರೆದು ಓದುಗರು ಕೇಳಿದ ಪದಗಳಿಗೆ ಅರ್ಥ ಹೇಳಿದರು. 2011ರಲ್ಲಿ ಬೆಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 97 ವರ್ಷ. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು.

ನಿವೃತ್ತರೆಲ್ಲ ನಿಘಂಟು ಬರೆಯಬೇಕು ಎಂದು ನಾನು ಹೇಳುತ್ತಿಲ್ಲ. ನಾನು ಗಮನಿಸಿದ್ದು ಬೇರೆ. ಇವರು ಯಾರೂ ನಿವೃತ್ತಿಯಾದ ಮೇಲೆ ಹವ್ಯಾಸ ಹುಡುಕಿಕೊಂಡು ಹೊರಟವರಲ್ಲ. ಮಾಸ್ತಿಯವರು ನೌಕರಿಯಲ್ಲಿದ್ದಾಗಲೇ ಕತೆ ಬರೆಯುತ್ತಿದ್ದರು. ಅಪ್ಪಾಜಿಯ ಪೆಟ್ಟಿಗೆ ನಲವತ್ತು ವರ್ಷದಿಂದ ಅಟ್ಟದ ಮೇಲಿತ್ತು. ಅಟ್ಟದ ಮೇಲೆ ಏನಾದರೂ ಇದ್ದರೆ ತಾನೇ ಇಳಿಸುವುದು? ಪಿಂಚಣಿ ಆದೇಶದ ಜೊತೆ ಹವ್ಯಾಸವನ್ನು ಲಗತ್ತಿಸಿ ಕಳಿಸುವುದಿಲ್ಲ.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ. ಅಪ್ಪಾಜಿಗೆ ಹಾರ ಹಾಕಿದ ದಿನ ಅವ್ವನೂ ವೇದಿಕೆಯ ಮೇಲೆ ಪಕ್ಕದಲ್ಲಿ ಕೂತಿದ್ದಳು. ಮನೆಗೆ ಬಂದವಳು ಸೀರೆ ಬದಲಿಸಿ ಇಪ್ಪತ್ತು ಜನಕ್ಕೆ ಅಡುಗೆ ಮಾಡಿದಳು. ನಮ್ಮ ಮನೆಯಲ್ಲಿ ನಿವೃತ್ತರಾದವರು ಒಬ್ಬರು, ಕೆಲಸ ಹೆಚ್ಚಾದದ್ದು ಇನ್ನೊಬ್ಬರಿಗೆ. ಮೊದಲು ಹಗಲಿನಲ್ಲಿ ಅವಳಿಗೆ ಒಂದಿಷ್ಟು ಹೊತ್ತಾದರೂ ಬಿಡುವಿತ್ತು. ಈಗ ಹನ್ನೊಂದಕ್ಕೆ ಒಂದು ಚಹಾ, ನಾಲ್ಕಕ್ಕೆ ಒಂದು ಚಹಾ, ನಡುವೆ "ನನ್ನ ಕನ್ನಡಕ ಎಲ್ಲೈತಿ?" ನಿವೃತ್ತಿಯ ಸುಖದ ಬಗ್ಗೆ ಮಾತಾಡುವ ನಾವು ಗಂಡಸರು ಆ ಸುಖಕ್ಕೆ ಒಲೆ ಹಚ್ಚುವವರು ಯಾರು ಎಂದು ಒಮ್ಮೆ ನೋಡಿಕೊಳ್ಳಬೇಕು. ಅಡುಗೆಮನೆಗೆ ಜೂನ್ 1 ಇಲ್ಲ, ಮೇ 31 ಇಲ್ಲ.

ಅದು ಬದಲಾದದ್ದು ಬಸ್ಸಿನಿಂದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದಂತಾಯಿತು. ಬೀದಿಯ ನಾಲ್ಕು ಜನ ಗೆಳತಿಯರು ಧರ್ಮಸ್ಥಳಕ್ಕೆ ಹೊರಟರು, ಅವ್ವನನ್ನೂ ಕರೆದರು. ಮದುವೆಯಾದ ಮೇಲೆ ಮನೆಯವರು ಯಾರೂ ಜೊತೆಗಿಲ್ಲದೆ ಅವಳು ಊರು ಬಿಟ್ಟದ್ದು ಅದೇ ಮೊದಲು. ಮೂರು ದಿನ. ಎರಡನೇ ದಿನ ಮಧ್ಯಾಹ್ನ ನಾನು ಮೀಟಿಂಗಿನಲ್ಲಿದ್ದಾಗ ಅಪ್ಪಾಜಿಯ ಫೋನ್ ಬಂತು. ಗಾಬರಿಯಾಗಿ ಹೊರಗೆ ಬಂದು ಎತ್ತಿದೆ. "ಒಂದು ಲೋಟ ಅಕ್ಕಿಗೆ ನೀರು ಎಷ್ಟು ಹಾಕಬೇಕಪ್ಪ?" ಎಂದು ಕೇಳಿದರು. ನೂರಾರು ಎಕರೆ ಭತ್ತಕ್ಕೆ ನೀರು ಅಳೆದು ಬಿಟ್ಟ ಸೌಡಿ ಸಾಹೇಬರಿಗೆ ಒಂದು ಲೋಟ ಅಕ್ಕಿಯ ನೀರಿನ ಲೆಕ್ಕ ಗೊತ್ತಿರಲಿಲ್ಲ! (ಅಪ್ಪಾಜಿ ನಗುತ್ತಿದ್ದಾರೆ, ಹಾಗಾಗಿ ಮುಂದುವರಿಸುತ್ತೇನೆ.) ಈಗ ಗೊತ್ತಿದೆ. ಬೆಳಗಿನ ಚಹಾ ಈಗ ಅವರದೇ ಕೈಯದು, ವಾರಕ್ಕೆರಡು ದಿನ ಉಪ್ಪಿಟ್ಟು ಕೂಡ. ಅವ್ವ ಹೇಳುತ್ತಾಳೆ, ಉಪ್ಪಿಟ್ಟು ಅಷ್ಟಕ್ಕಷ್ಟೇ, ಆದರೆ ಕೂತಲ್ಲಿಗೆ ಬರುತ್ತದಲ್ಲ ಎಂದು. ಅವ್ವನ ನಿವೃತ್ತಿ ಹೀಗೆ ವಾರಕ್ಕೆರಡು ದಿನದಂತೆ ಕಂತಿನಲ್ಲಿ ಸಿಗುತ್ತಿದೆ.

ಇಲ್ಲಿಯವರೆಗೆ ಹೇಳಿದ ಸಂತೋಷಕ್ಕೆಲ್ಲ ಒಂದು ತಳಪಾಯವಿದೆ, ಅದನ್ನು ಮರೆಮಾಚಿದರೆ ಸುಳ್ಳು ಹೇಳಿದಂತೆ. ಅಪ್ಪಾಜಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಬೆಂಚಿನ ಐವರಲ್ಲಿ ಎಲ್ಲರಿಗೂ ಬರುವುದಿಲ್ಲ. ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ಪದ್ಧತಿಗೆ ಸೇರಿದರು, ಅವರ ಸಂಬಳದಿಂದ ಕಡಿದ ಹಣ ಪೇಟೆಯ ಏರಿಳಿತದ ಮೇಲೆ ನಿಂತಿದೆ. ರೈತನಿಗೆ ನಿವೃತ್ತಿ ಎಂಬ ಪದವೇ ಇಲ್ಲ. ಮಗ ತೋಟ ನೋಡಿಕೊಂಡರೆ ನಿವೃತ್ತಿ, ಇಲ್ಲದಿದ್ದರೆ ಎಪ್ಪತ್ತಕ್ಕೂ ಗೊನೆ ಎಣಿಸುತ್ತಾ ಓಡಾಡಬೇಕು. ಕೂಲಿ ಮಾಡಿದವರಿಗೆ 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾದ ಸಾವಿರದ ಇನ್ನೂರು ರೂಪಾಯಿ. ಅದರಲ್ಲಿ ಮಾತ್ರೆ ಕೊಳ್ಳುವುದೋ, ಮೊಮ್ಮಗಳಿಗೆ ಬಿಸ್ಕತ್ತು ಕೊಳ್ಳುವುದೋ? ಅದಕ್ಕೇ ಬೆಂಚಿನಲ್ಲಿ ಒಂದು ನಿಯಮವಿದೆ: ಕ್ಷೌರದವರ ಚಹಾದ ದುಡ್ಡನ್ನು ಪಿಂಚಣಿ ಬರುವವರು ಸರದಿಯ ಮೇಲೆ ಕೊಡುತ್ತಾರೆ. ಬದಲಿಗೆ ಅವರು ಎಲ್ಲರ ತಲೆ ಪುಕ್ಕಟೆ ಕತ್ತರಿಸುತ್ತಾರೆ. ಯಾರೂ ಯಾರ ಋಣದಲ್ಲೂ ಇಲ್ಲ.

ಆ ಬೆಂಚು ಹರಟೆಗೆ ಮಾತ್ರ ಇರುವುದಲ್ಲ ಎಂದು ನನಗೆ ತಿಳಿದದ್ದು ಒಂದು ಘಟನೆಯಿಂದ. ಅವರಲ್ಲಿ ಒಬ್ಬರಿಗೆ ಒಂದು ದಿನ ವಿಡಿಯೊ ಕರೆ ಬಂತು. ಪೊಲೀಸ್ ವೇಷದವನೊಬ್ಬ, "ನಿಮ್ಮ ಆಧಾರ್ ಮೇಲೆ ಕೇಸಾಗಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆ ಬಿಟ್ಟು ಹೊರಗೆ ಬರಬೇಡಿ, ಯಾರಿಗೂ ಹೇಳಬೇಡಿ" ಎಂದು ಹೆದರಿಸಿದ. ಇವರು ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ನಿವೃತ್ತಿಯಲ್ಲಿ ಬಂದ ಗಂಟು ಬ್ಯಾಂಕಿನಲ್ಲಿತ್ತು. ಅವರನ್ನು ಉಳಿಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ. ಸಂಜೆ ಐದಾದರೂ ಬೆಂಚಿಗೆ ಬರಲಿಲ್ಲವಲ್ಲ ಎಂದು ಉಳಿದ ನಾಲ್ವರು ಮನೆಗೇ ಹೋಗಿ ಬಾಗಿಲು ಬಡಿದರು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ, ದಯವಿಟ್ಟು ಎಲ್ಲ ಹಿರಿಯರೂ ಇದನ್ನು ನೆನಪಿಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದಕ್ಕಿಂತ ಮೊದಲು, ದಿನಕ್ಕೊಮ್ಮೆಯಾದರೂ "ಇವನು ಏಕೆ ಬರಲಿಲ್ಲ?" ಎಂದು ಕೇಳುವ ನಾಲ್ಕು ಜನರನ್ನು ಇಟ್ಟುಕೊಳ್ಳಿ.

ಆ ಐವರಲ್ಲಿ ಈಗ ನಾಲ್ವರಿದ್ದಾರೆ. ಬಸ್ ಡ್ರೈವರ್ ಆಗಿದ್ದವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಎಷ್ಟೋ ದಿನ ಅಂಗಡಿಯವರು ಮರೆತು ಐದು ಲೋಟ ಇಡುತ್ತಿದ್ದರಂತೆ. ಮಣ್ಣು ಮಾಡಿ ಬಂದ ರಾತ್ರಿ ಅಪ್ಪಾಜಿ ನನಗೆ ಫೋನ್ ಮಾಡಿದರು. ಗೆಳೆಯನ ಬಗ್ಗೆ ಒಂದು ಮಾತೂ ಆಡಲಿಲ್ಲ. ಡ್ಯಾಮಿಗೆ ಒಳಹರಿವು ಎಷ್ಟು, ಮಳೆ ಹೇಗಿದೆ ಎಂದು ಅರ್ಧ ಗಂಟೆ ಮಾತಾಡಿದರು. ನಾನೂ ಕೇಳಿಸಿಕೊಂಡೆ. ಈ ವಯಸ್ಸಿನ ಗೆಳೆತನದಲ್ಲಿ ಈ ನೋವೂ ಸೇರಿಯೇ ಇರುತ್ತದೆ. ಮಾರನೆಯ ಬೆಳಗ್ಗೆ ಅವರು ಬೆಂಚಿಗೆ ಹೋದರು.

ಈಗ ನನ್ನ ವಯಸ್ಸಿನವರಿಗೆ ಒಂದು ಮಾತು. ನಮ್ಮ ಕಂಪನಿಗಳ ಊಟದ ಮೇಜಿನಲ್ಲಿ ನಿತ್ಯವೂ ಒಂದು ಚರ್ಚೆ: ನಲವತ್ತೈದಕ್ಕೇ ನಿವೃತ್ತಿಯಾಗುವುದು ಹೇಗೆ, ಎಷ್ಟು ಕೋಟಿ ಬೇಕು, ಯಾವ ಫಂಡಿನಲ್ಲಿ ಹಾಕಬೇಕು. ನನ್ನ ಬಳಿಯೂ ಅಂಥದೊಂದು ಎಕ್ಸೆಲ್ ಶೀಟು ಇದೆ. ಹಣದುಬ್ಬರ, ಬಡ್ಡಿ, ಮಗಳ ಓದು ಎಲ್ಲಕ್ಕೂ ಒಂದೊಂದು ಕಾಲಂ. ಅಪ್ಪಾಜಿಯನ್ನು ನೋಡಿದ ಮೇಲೆ ಒಂದು ಕಾಲಂ ಸೇರಿಸಿದೆ: 'ಮಾರನೆಯ ಬೆಳಗ್ಗೆ ಯಾರ ಜೊತೆ?' ಅದರಲ್ಲಿ ತುಂಬಲು ನನ್ನ ಹತ್ತಿರ ಹೆಸರುಗಳಿರಲಿಲ್ಲ. ಹನ್ನೆರಡು ವರ್ಷ ಒಂದೇ ಕಟ್ಟಡದಲ್ಲಿದ್ದೇನೆ, ಎದುರು ಮನೆಯವರ ಹೆಸರು ಬಾಗಿಲ ಮೇಲಿನ ಬೋರ್ಡಿನಿಂದ ಗೊತ್ತು. ಈ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತ ಗೆಳೆಯನ ಜೊತೆ ಹದಿನೈದು ವರ್ಷ ಮಾತಾಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ, ಸುಮ್ಮನೆ ಬಿಟ್ಟುಹೋಗಿತ್ತು. ಈ ಸುವರ್ಣ ಮಹೋತ್ಸವದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನ ನಂಬರ್ ಸಿಕ್ಕಿತು. ಫೋನ್ ಮಾಡಿದೆ. ಅವನು ಮೊದಲು ಹೇಳಿದ್ದು, "ಈಗ ನೆನಪಾತೇನೋ ನಿಂಗೆ?" ಕೇಳಿ ಸಮಾಧಾನವಾಯಿತು. ನನಗೂ ಊರಿನಲ್ಲಿ ಬೈಯುವವರು ಒಬ್ಬರಿದ್ದಾರೆ.

ಕೊನೆಯದಾಗಿ, ನಮ್ಮ ಬ್ಯಾಚಿನವರು ಮಾತಾಡಿಕೊಂಡ ಮೂರು ಸಣ್ಣ ಕೆಲಸಗಳನ್ನು ಸಭೆಯ ಮುಂದಿಡುತ್ತೇನೆ.

ಒಂದು: ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ 'ಜೀವನ್ ಪ್ರಮಾಣ್' ಬಂದಾಗ ಹೆಚ್ಚಾಗಿ ಬೆರಳಿನ ಗುರುತೇ ಬೇಕಿತ್ತು. ಹೊಲದಲ್ಲಿ, ನಾಲೆಯಲ್ಲಿ ದುಡಿದ ಎಷ್ಟೋ ಬೆರಳುಗಳ ಗೆರೆ ಸವೆದುಹೋಗಿರುತ್ತದೆ, ಯಂತ್ರ ಒಪ್ಪುವುದಿಲ್ಲ. 2021ರಿಂದ ಮುಖ ತೋರಿಸಿಯೂ ಮಾಡಬಹುದು. ಫೋನಿನ ಮುಂದೆ ಕೂತು ಕಣ್ಣು ಮಿಟುಕಿಸಿದರೆ ಸಾಕು. ನವೆಂಬರ್‌ನ ಒಂದು ಭಾನುವಾರ ನಾವು ಕೆಲವರು ಬೆಂಗಳೂರಿನಿಂದ ಬಂದು, ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ ಈ ಶಾಲೆಯಲ್ಲೇ ಕೂತು, ಬಂದವರಿಗೆಲ್ಲ ಮಾಡಿಕೊಡುತ್ತೇವೆ. ದುಡ್ಡಿಲ್ಲ, ಚಹಾ ಮಾತ್ರ ನೀವು ಕುಡಿಸಬೇಕು.

ಎರಡು: ತಿಂಗಳಿಗೊಂದು ಪಿರಿಯಡ್ಡು ಊರಿನ ನಿವೃತ್ತರೊಬ್ಬರಿಗೆ. ನಾಲೆಯ ನೀರು ಹೇಗೆ ಹಂಚುತ್ತಾರೆ ಎಂದು ಸೌಡಿ ಹೇಳಲಿ. ಸೂಳೆಕೆರೆಯ ಸಿದ್ಧನ ತೂಬು, ಬಸವನ ತೂಬುಗಳ ಕತೆಯನ್ನು ಬಲ್ಲವರು ಹೇಳಲಿ. ಪುಸ್ತಕದಲ್ಲಿರುವ ನೀರಾವರಿ ಪಾಠ ಆಗ ಮಕ್ಕಳಿಗೆ ತಮ್ಮ ಗದ್ದೆಯದಾಗುತ್ತದೆ.

ಮೂರು: ಇದು ವಿದ್ಯಾರ್ಥಿಗಳಿಗೆ. ಅಂಕ ಬೇಕು, ಓದಿ. ಜೊತೆಗೆ ಅಂಕ ಬಾರದ ಒಂದನ್ನು ಕಲಿಯಿರಿ. ತಮಟೆಯೋ, ಕೋಲಾಟವೋ, ಚಿತ್ರವೋ, ಕಬಡ್ಡಿಯೋ. ಕೆಲಸ ಸಿಕ್ಕಿದ ಮೇಲೆ ಅದು ಅಟ್ಟ ಸೇರಬಹುದು, ಸೇರಲಿ. ಒಂದು ದಿನ ಇಳಿಸುತ್ತೀರಿ. ಪಕ್ಕದಲ್ಲಿ ಕೂತ ಗೆಳೆಯನ, ಗೆಳತಿಯ ನಂಬರನ್ನೂ ಕಳೆದುಕೊಳ್ಳಬೇಡಿ. ನಾನು ಈಗ ಮೂವತ್ತಾರಕ್ಕೆ ಅಪ್ಪಾಜಿಯ ಹತ್ತಿರ ಹಾರ್ಮೋನಿಯಂ ಕಲಿಯಲು ಶುರುಮಾಡಿದ್ದೇನೆ. ಊರಿಗೆ ಬಂದಾಗ ಪಾಠ. ಬೆರಳು ಮಾತು ಕೇಳುವುದಿಲ್ಲ, ಮೇಷ್ಟ್ರು ಬೈಯುತ್ತಾರೆ. ಮೂವತ್ತಾರು ವರ್ಷ ಬೈಸಿಕೊಂಡವರಿಗೆ ಈಗ ಬೈಯುವ ಸರದಿ.

ಗುರುಗಳೇ, ಅಂದು ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದವರ ಮೇಲೆ ನಮ್ಮ ಹಿರಿಯರಿಗೆ ಸ್ವಲ್ಪ ಸಿಟ್ಟಿದೆ, ಕೆಲವು ತಿಂಗಳ ಸಂಬಳ ಹೋಯಿತು ಎಂದು. ನನಗೆ ಈಗೀಗ ಬೇರೆ ರೀತಿ ಕಾಣುತ್ತದೆ. ಮೇ 31ಕ್ಕೆ ನಿವೃತ್ತಿ. ಮರುದಿನ ಜೂನ್ 1, ಕಾಗದದ ಮೇಲಿನ ಹುಟ್ಟುಹಬ್ಬ, ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತು. ಹೊಸ ತರಗತಿಗೆ ಮೊದಲ ದಿನ ಹೋದಾಗ ನಾವು ಮೊದಲು ನೋಡುತ್ತಿದ್ದದ್ದು ಏನನ್ನು? ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು. ನಿವೃತ್ತಿಗೂ ಅಷ್ಟೇ ಮುಖ್ಯ. ಬೆಂಚು ಸಿಕ್ಕರೆ, ಪಕ್ಕದಲ್ಲಿ ಗೆಳೆಯನಿದ್ದರೆ, ಮನೆಯಲ್ಲಿ ಕೆಲಸ ಹಂಚಿಕೊಳ್ಳುವ ಮನಸ್ಸಿದ್ದರೆ, ಪಾಠ ತಾನಾಗಿ ನಡೆಯುತ್ತದೆ.

ಐವತ್ತು ತುಂಬಿದ ನಮ್ಮ ಶಾಲೆಗೆ ಮಾತ್ರ ನಿವೃತ್ತಿ ಬಾರದಿರಲಿ. ಬೈಯದೆ ಕೂತು ಕೇಳಿದ ಅಪ್ಪಾಜಿಗೆ, ಇವತ್ತು ಅಡುಗೆ ಬಿಟ್ಟು ಇಲ್ಲಿಗೆ ಬಂದಿರುವ ಅವ್ವನಿಗೆ ನನ್ನ ನಮಸ್ಕಾರಗಳು.